ಬಂದೇನವಾಜನ ಎರಡನೆಯ ಕ್ಯಾಸೆಟ್

ನಾನು ಯಾರನ್ನೂ ಸುಲಭಕ್ಕೆ ನಂಬುವ ಮನುಷ್ಯನಲ್ಲ. ದರ್ಜಿ ಕೆಲಸವೇ ಅಂಥದು. ಗಿರಾಕಿ ಎರಡೂವರೆ ಮೀಟರ್ ಅಂತ ತಂದ ಬಟ್ಟೆಯನ್ನು ಅವನ ಎದುರಿಗೇ ಅಳೆದು ತೋರಿಸದಿದ್ದರೆ ನಾಳೆ ಈ ಗುರುಸಿದ್ದನೇ ಕಳ್ಳ. ಹೀಗಾಗಿ ತೊಂಬತ್ನಾಲ್ಕರಲ್ಲಿ, ಜತ್ತದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ, ನನ್ನ ಅಂಗಡಿಗೆ ಹತ್ತಿಕೊಂಡೇ ಬಂದೇನವಾಜ ಕ್ಯಾಸೆಟ್ ಅಂಗಡಿ ಹಾಕಿದಾಗ ಮೊದಲ ದಿನದಿಂದಲೇ ಅವನ ಮೇಲೆ ಒಂದು ಕಣ್ಣಿಟ್ಟೆ. ನಡುವೆ ಇದ್ದದ್ದು ಒಂದು ತಗಡು. ಆ ತಗಡಿಗೆ ಒಂದು ಮೊಳೆಯ ತೂತು ಇತ್ತು. ತೂತು ನಾನು ಮಾಡಿದ್ದಲ್ಲ, ಆದರೆ ಮುಚ್ಚಲೂ ಇಲ್ಲ.

ಅವನಪ್ಪ ಹಳ್ಳಿ ಹಳ್ಳಿ ತಿರುಗಿ ಅತ್ತರು ಮಾರಿದವನು. ಮಗ ಮಿರಜದಲ್ಲಿ ರೇಡಿಯೋ ರಿಪೇರಿ ಕಲಿತು, ಡಫಳಾಪುರದ ಇಸ್ಮತಳನ್ನು ಮದುವೆಯಾಗಿ, ಜೋಡಿ ಕ್ಯಾಸೆಟ್ಟಿನ ಒಂದು ದೊಡ್ಡ ಟೇಪು ತಂದು ಕುಂತ. ಜನ ಒಂದು ಖಾಲಿ ಕ್ಯಾಸೆಟ್ಟು, ನೋಟಬುಕ್ಕಿನ ಹಾಳೆಯಲ್ಲಿ ಬರೆದ ಹಾಡಿನ ಯಾದಿ ಹಿಡಿದುಕೊಂಡು ಬರುತ್ತಿದ್ದರು. ಯಾದಿಯಲ್ಲಿ ಇದ್ದ ಕ್ರಮದಲ್ಲೇ ಹಾಡು ತುಂಬಿಕೊಡುತ್ತಿದ್ದ. ಯಾರ ಮನೆಯಲ್ಲಿ ಲಗ್ನ, ಯಾವ ಹುಡುಗನಿಗೆ ಯಾವ ಓಣಿಯ ಹುಡುಗಿ ಮೇಲೆ ಮನಸ್ಸು, ಎಲ್ಲ ಅವನಿಗೆ ಯಾದಿ ನೋಡಿದ ಕೂಡಲೇ ಗೊತ್ತು. ಆದರೆ ಬಾಯಿ ಬಿಡುತ್ತಿರಲಿಲ್ಲ. ಅಷ್ಟೆಲ್ಲ ಗೊತ್ತಿದ್ದೂ ಬಾಯಿ ಬಿಡದವನನ್ನು ಹೇಗೆ ನಂಬುವುದು?

ಒಂದು ದಿನ ತೂತಿನಿಂದ ನೋಡಿದೆ. ಗಿರಾಕಿ ಹೋದ ಮೇಲೆ ಅದೇ ಹಾಡುಗಳನ್ನು ಅದೇ ಕ್ರಮದಲ್ಲಿ ಇನ್ನೊಂದು ಹಳೇ ಕ್ಯಾಸೆಟ್ಟಿಗೆ ತುಂಬಿ, ಹೆಸರು ಬರೆದು, ಮೇಜಿನ ಕೆಳಗಿನ ತಗಡಿನ ಟ್ರಂಕಿನಲ್ಲಿ ಇಟ್ಟ. ಮರುದಿನವೂ ಹಾಗೇ. ನನಗೆ ತಡೆಯಲಾಗಲಿಲ್ಲ.

“ನವಾಜ, ಮಂದಿ ಹಾಡು ನಿನ್ನ ಟ್ರಂಕಿನಾಗ ಯಾಕೋ?”

ಅವನು ಹೆದರಲಿಲ್ಲ. “ರೀಲು ಹರೀತಾವ ಗುರುಸಿದ್ದಣ್ಣ. ಯಾದೀನೂ ಕಳಕೋತಾರ. ನಾಳಿ ಬಂದು ಅತ್ರ ಏನ ಕೊಡ್ಲಿ?”

“ಕೊಟ್ರ ಮತ್ತ ರೊಕ್ಕ ತಗೋತೀ ಹೌದಿಲ್ಲೋ?”

“ಒಮ್ಮಿ ತಗೊಂಡೀನಲ್ಲ.”

ಟ್ರಂಕು ತುಂಬಿದಾಗ ಎಲ್ಲಕ್ಕಿಂತ ಹಳೆಯದನ್ನು ತೆಗೆದು ಅಳಿಸುತ್ತಿದ್ದ. ಅಳಿಸುವ ಮುಂಚೆ ಒಂದು ಸಲ ಪೂರ್ತಿ ಕೇಳುತ್ತಿದ್ದ. ಕ್ಯಾಸೆಟ್ಟಿನ ಬೆನ್ನಿಗೆ, ಯಾರೂ ಅಳಿಸದಿರಲಿ ಅಂತ ಮುರಿದ ತೂತು ಇದ್ದರೆ ಅದಕ್ಕೊಂದು ಚೂರು ಕಾಗದ ಅಂಟಿಸಿ, ಏನೂ ಹಾಡಿಸದೆ ರೆಕಾರ್ಡಿನ ಗುಂಡಿ ಒತ್ತಿ ಬಿಟ್ಟರೆ ಮುಗಿಯಿತು, ಹಾಡಿದ್ದಲ್ಲಿ ಬರೀ ಸುಯ್ ಅನ್ನುವ ಸಪ್ಪಳ. ಲಾಭವಿಲ್ಲದ ಈ ದಗದ ಯಾವ ಶಾಣ್ಯಾ ಮಾಡುತ್ತಾನೆ? ಇದರಲ್ಲಿ ಏನೋ ಇದೆ ಅಂತ ನಾನು ತೀರ್ಮಾನ ಮಾಡಿಬಿಟ್ಟೆ.

ತೊಂಬತ್ತೇಳರ ಬೇಸಿಗೆಯಲ್ಲಿ ಬಾಲಗಾಂವದ ಸೋಮನಿಂಗಪ್ಪ ತನ್ನ ಗುರು ಅಮೋಗಸಿದ್ದಜ್ಜನನ್ನು ಕೈಹಿಡಿದು ನಡೆಸಿಕೊಂಡು ನವಾಜನ ಅಂಗಡಿಗೆ ಬಂದ. ಸೋಮನಿಂಗಪ್ಪ ಡೊಳ್ಳಿನ ಹಾಡಿಕೆಯವನು. ಈ ಹಾಡಿಕೆಯಲ್ಲಿ ಎರಡು ಮೇಳ ಎದುರುಬದುರು ನಿಲ್ಲುತ್ತವೆ. ಒಂದು ಮೇಳ ಹಾಡಿನಲ್ಲೇ ಸವಾಲು ಹಾಕುತ್ತದೆ, ಇನ್ನೊಂದು ಹಾಡಿನಲ್ಲೇ ಜವಾಬು ಕೊಡಬೇಕು, ಕೊಡದಿದ್ದರೆ ಸೋತ ಹಾಗೆ. ಹೊಸ ಸವಾಲನ್ನು ಮೇಳದವರು ಹೆಂಡತಿಗೂ ಕೇಳಿಸುವುದಿಲ್ಲ. ಅಜ್ಜನಿಗೆ ಅಕ್ಷರ ಬರುತ್ತಿರಲಿಲ್ಲ, ಶಿಷ್ಯನಿಗೂ ಅಷ್ಟಕ್ಕಷ್ಟೇ. ಅರವತ್ತು ನುಡಿಯ ಹೊಸ ಪದ ಅಜ್ಜನ ತಲೆಯಲ್ಲಿ ಮಾತ್ರ ಇತ್ತು. ಮೊದಲ ಇಪ್ಪತ್ತು ನುಡಿ ಸವಾಲು, ಮುಂದಿನ ನಲವತ್ತು ಜವಾಬು. ನವಾಜ ಶಟರ್ ಅರ್ಧ ಇಳಿಸಿ ಅದನ್ನು ತುಂಬಿಕೊಂಡ. ಅಜ್ಜನ ದನಿ ಸಣ್ಣದು ಅಂತ ಮೂರು ಮೂರು ಸಲ ಹಾಡಿಸಿದ.

ಆಮೇಲೆ ಪ್ರತಿ ಸಂತೆಗೆ ಸೋಮನಿಂಗಪ್ಪ ಕ್ಯಾಸೆಟ್ಟನ್ನು ಚೀಲದಲ್ಲಿ ಇಟ್ಟುಕೊಂಡು ಬರುವುದು, ಶಟರ್ ಇಳಿಸಿ ಪದ ಪೂರ್ತಿ ಒಮ್ಮೆ ಕೇಳಿ, ಒಂದಿಷ್ಟು ನುಡಿ ಕಲಿಯುವುದು ನಡೆಯಿತು. ಅವನ ಮನೆಯಲ್ಲಿ ಟೇಪು ಇರಲಿಲ್ಲ. ನನಗೆ ಹಾಡಿನ ಗೊಡವೆ ಇಲ್ಲ, ನಾನು ಮಶೀನು ತುಳಿಯುತ್ತ ಕೂಡುತ್ತಿದ್ದೆ. ಆದರೆ ಹಗಲುಹೊತ್ತಿನಲ್ಲಿ ಶಟರ್ ಇಳಿಸುವವರ ಮೇಲೆ ಸಂಶಯ ಬರದೆ ಇರುತ್ತದೆಯೇ?

ದೀಪಾವಳಿಗೆ ಮುಂಚೆ ಅಜ್ಜ ತೀರಿಕೊಂಡ. ಅದಾಗಿ ಹದಿನೈದು ದಿನಕ್ಕೆ ವಳಸಂಗದ ಭೀಮರಾಯನ ಮೇಳದ ಎದುರು ಸೋಮನಿಂಗಪ್ಪ ಗುರುವಿನ ಸವಾಲು ಎತ್ತಿದ. ಮೊದಲ ಕಂಬಳಿಗೆ ಮೊದಲ ನೂಲು ತೆಗೆದಾಕಿ ಯಾರು, ಯಾರ ಮಗಳು ಅಂತ ಕೇಳುವ ಪದ. ಅವನು ಕೇಳಿ ಮುಗಿಸುವುದರೊಳಗೆ ಭೀಮರಾಯ ಎದ್ದು ನಿಂತು ಹೆಸರು, ತಂದೆಯ ಹೆಸರು, ಆಕೆ ಕೂತ ಕಲ್ಲಿನ ಗುರುತು ಎಲ್ಲ ಹೇಳಿಬಿಟ್ಟ. ಅಜ್ಜ ಸ್ವಂತ ಕಟ್ಟಿದ ಕಥೆ ಅದು, ಲೋಕದಲ್ಲಿ ಬೇರೆ ಯಾರಿಗೂ ಗೊತ್ತಿರಲು ಸಾಧ್ಯವೇ ಇಲ್ಲ.

ಮರುದಿನ ಸೋಮನಿಂಗಪ್ಪ ನವಾಜನ ಅಂಗಡಿ ಮುಂದೆ ನಿಂತು ಬೈದ. ಓಣಿಯೆಲ್ಲ ಕೂಡಿತು. ನವಾಜ “ಅಲ್ಲಾನ ಆಣಿ, ನಾ ಯಾರಿಗೂ ಕೇಳಿಸಿಲ್ಲ” ಅಂದ. ಆಗ ನಾನು ನಡುವೆ ಬಾಯಿ ಹಾಕಿದೆ. ಯಾರೂ ನನ್ನನ್ನು ಕೇಳಿರಲಿಲ್ಲ.

“ಟ್ರಂಕ ತಗಿಸಿ ನೋಡ್ರಿ. ಎಲ್ಲಾರದೂ ಒಂದೊಂದು ನಕಲು ಇಟ್ಟಕೊಂಡಾನ.”

ಟ್ರಂಕು ತೆಗೆಸಿದರು. ಅಮೋಗಸಿದ್ದಜ್ಜ ಅಂತ ಹೆಸರು ಬರೆದ ಕ್ಯಾಸೆಟ್ ಮೇಲೆಯೇ ಇತ್ತು. ಸೋಮನಿಂಗಪ್ಪ ಅದನ್ನು ತನ್ನ ಕಣ್ಣೆದುರಿಗೇ ಅಳಿಸಬೇಕು ಅಂತ ಪಟ್ಟು ಹಿಡಿದ.

“ಬ್ಯಾಡ್ರಿ ಸೋಮನಿಂಗಪ್ಪಣ್ಣ, ಅಜ್ಜ ಇಲ್ಲ ಈಗ. ಇದನ್ನೂ ನೀವ ಒಯ್ರಿ ಬೇಕಾರ. ಅಳಸೂದು ಬ್ಯಾಡ.”

“ಅಳಸಂದ್ರ ಅಳಸು. ನಿನ್ನ ಕೈಯಾಗಿಂದು ನನಗ ಬ್ಯಾಡ.”

ನವಾಜ ಕಾಗದ ಅಂಟಿಸಿ ಗುಂಡಿ ಒತ್ತಿದ. ಒಂದು ಮಗ್ಗಲು ಮುಗಿಯಲು ಮೂವತ್ತು ನಿಮಿಷ, ಹೊರಳಿಸಿ ಹಾಕಿ ಮತ್ತೆ ಮೂವತ್ತು. ಜನ ನಿಂತೇ ಇದ್ದರು. ಕಡೆಗೆ ಹಾಡಿಸಿ ನೋಡಿದರೆ ಸುಯ್ ಅಂತ ಅಷ್ಟೇ. ನಾನು ಒಳಗೊಳಗೇ ಬೀಗಿದೆ. ನನ್ನ ಸಂಶಯ ಸುಳ್ಳಾಗಿರಲಿಲ್ಲವಲ್ಲ.

ಮುಂದಿನ ವಾರ ಭೀಮರಾಯ ನನ್ನ ಅಂಗಡಿಗೆ ಬಂದ, ಕೈಯಲ್ಲಿ ಪಾವು ಕಿಲೋ ಪೇಡೆ.

“ತಗೋರಿ ಟೇಲರ್ ಮಾಮಾ. ಅರ್ಧ ಗೆಲವು ನಿಮ್ದ.”

“ನಂದು ಹೆಂಗೋ?”

“ನನ್ನ ನೆಹರೂ ಶರ್ಟಿಗೆ ಕಾಜಾ ಹಾಕ್ಕೋತ ಹಾಡತಿದ್ರಲ್ಲ. ಒಂದ ಸಲಕ್ಕ ಪೂರಾ ತಿಳೀಲಿಲ್ಲ, ಅದಕ್ಕ ಕಾಲರ್ ಬಿಗಿ ಆತು ಅಂತ ಮತ್ತೆರಡ ಸಲ ಬಂದೆ.” ಅಂದು ನಕ್ಕ.

ಮಶೀನು ತುಳಿಯುವಾಗ, ಗುಂಡಿಯ ಕಾಜಾ ಹಾಕುವಾಗ ನನ್ನ ಬಾಯಲ್ಲಿ ಏನೋ ಒಂದು ಗುನುಗು ಇರುತ್ತದೆ ಅಂತ ನನ್ನ ಹೆಂಡತಿ ಗೌರವ್ವ ಬೈಯುತ್ತಿದ್ದಳು. ನಾನು ನಂಬಿರಲಿಲ್ಲ, ನಾನು ಯಾರನ್ನು ನಂಬುತ್ತೇನೆ! ತಗಡಿನ ಆಚೆಯಿಂದ ಆರು ತಿಂಗಳು ಬಂದ ಪದ ನನಗೆ ಗೊತ್ತಿಲ್ಲದೆ ನನ್ನ ಹೊಟ್ಟೆಗೆ ಇಳಿದಿತ್ತು. ನನ್ನ ಎಲೆಯಲ್ಲಿ ಹೆಗ್ಗಣ ಬಿದ್ದಿರುವಾಗ ನಾನು ಮಂದಿ ಎಲೆಯ ನೊಣ ಹೊಡೆಯಲು ಹೋಗಿದ್ದೆ.

ಆದರೂ ನಾನು ಹೇಳಲಿಲ್ಲ. ಪೇಡೆ ತಿಂದೆ, ಸುಮ್ಮನಿದ್ದೆ. ಭೀಮರಾಯ ಎಲ್ಲಾದರೂ ಬಾಯಿ ಬಿಟ್ಟಾನು ಅಂತ ಅವನ ಮೇಲೆ ಸಂಶಯ. ಇಬ್ಬರು ನಿಂತು ಮಾತಾಡಿದರೆ ನನ್ನದೇ ಮಾತು ಅಂತ ಸಂಶಯ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಪರಿಸ್ಥಿತಿ ನನ್ನದಾಯಿತು. ಆ ಕಡೆ ನವಾಜನ ಅಂಗಡಿಗೆ ಯಾದಿ ತರುವವರು ಕಡಿಮೆಯಾದರು. ಹುಡುಗರು ಅವನಿಗೆ ನಕಲಿ ನವಾಜ ಅಂತ ಹೆಸರಿಟ್ಟರು. ಅವನು ಟ್ರಂಕಿನಲ್ಲಿದ್ದ ಎಲ್ಲ ಕ್ಯಾಸೆಟ್ಟುಗಳನ್ನೂ ಒಂದೊಂದಾಗಿ ಕೇಳಿ, ಒಂದೊಂದಾಗಿ ಅಳಿಸಿದ. ತಗಡಿನ ಆಚೆಯಿಂದ ದಿನವಿಡೀ ಆ ಸುಯ್ ಸಪ್ಪಳ ಬರುತ್ತಿತ್ತು. ಒಂದು ಸಲ ಅಲ್ಲಿ ಇಸ್ಮತ ಅಳುವುದೂ ಕೇಳಿಸಿತು. ನಾನು ಮಶೀನು ಇನ್ನೂ ಜೋರಾಗಿ ತುಳಿದೆ.

ಬೇಸಿಗೆ ಬಂದಾಗ ಸೋಮನಿಂಗಪ್ಪ ಮತ್ತೆ ಬಂದ. ಈ ಸಲ ಬೈಗುಳವಿಲ್ಲ. ಸಾಂಗ್ಲಿಯಿಂದ ಒಂದು ಹಳೇ ಟೇಪು ತಂದಿದ್ದನಂತೆ. ಅದು ಅಜ್ಜನ ಕ್ಯಾಸೆಟ್ಟಿನ ರೀಲನ್ನು ಒಳಗೆಳೆದು ಸುತ್ತಿ ತುಂಡು ತುಂಡು ಮಾಡಿತ್ತು. ಚೀಲದಿಂದ ತೆಗೆದು ತೋರಿಸಿದ, ಮುದುಡಿದ ಕಂದು ರೀಲಿನ ಗಂಟು.

“ಸವಾಲಿನ ಇಪ್ಪತ್ತ ನುಡಿ ಬರ್ತಾವ. ಜವಾಬಿನ ನಲವತ್ತ ನುಡಿ ಹ್ವಾದ್ವು ನವಾಜ. ಅಜ್ಜನ್ನ ನಾನ ಎರಡನೇ ಸಲ ಮಣ್ಣ ಮಾಡಿದಂಗ ಆತು. ಎಲ್ಯರೆ ಇನ್ನೊಂದು ಇಟ್ಟಿದ್ರ ಕೊಡಪಾ, ಕಾಲ ಬೀಳ್ತೀನಿ.”

“ಇಲ್ಲರಿ. ನಿಮ್ಮ ಕಣ್ಣ ಮುಂದ ಅಳಸೀನಲ್ಲ.”

ಸೋಮನಿಂಗಪ್ಪ ನಂಬಲಿಲ್ಲ. ಟ್ರಂಕಿಗೆ ಕೈ ಹಾಕಿ ಒಂದೊಂದೇ ಕ್ಯಾಸೆಟ್ ತೆಗೆದು ನವಾಜನ ಕೈಗೆ ಕೊಟ್ಟ. ನವಾಜ ಒಂದೊಂದನ್ನೂ ಹಾಕಿ ಕೇಳಿಸಿದ. ಎಲ್ಲ ಖಾಲಿ. ನಾನು ತೂತಿನಿಂದ ನೋಡುತ್ತಿದ್ದೆ. ಹತ್ತನೆಯದಕ್ಕೆ ಸೋಮನಿಂಗಪ್ಪ ಟವೆಲ್ಲಿನಿಂದ ಮುಖ ಮುಚ್ಚಿಕೊಂಡ.

ನಾನು ಎದ್ದು ನವಾಜನ ಅಂಗಡಿಗೆ ಹೋದೆ. ಕತ್ತರಿ ಕೈಯಲ್ಲೇ ಇತ್ತು.

“ನವಾಜ, ಖಾಲಿ ಕ್ಯಾಸೆಟ್ ಹಾಕು. ರೆಕಾರ್ಡ್ ಒತ್ತು.”

ಇಪ್ಪತ್ತೊಂದನೆಯ ನುಡಿಯಿಂದ ಹಿಡಿದೆ. ನನಗೆ ದನಿಯಿಲ್ಲ, ಕಾಲಿನಿಂದ ಮಶೀನು ತುಳಿದ ಹಾಗೆ ನೆಲ ತುಳಿಯುತ್ತ ಹಾಡಿದೆ. ಅಜ್ಜ ಕೆಮ್ಮಿ ನಿಲ್ಲಿಸಿದಲ್ಲಿ ನಾನೂ ನಿಲ್ಲಿಸಿದೆ. ಅರವತ್ತೂ ಮುಗಿದ ಮೇಲೆ ನವಾಜ ಟೇಪು ನಿಲ್ಲಿಸಿದ. ಆಮೇಲೆ ಭೀಮರಾಯನ ನೆಹರೂ ಶರ್ಟು, ಕಾಲರು, ಪೇಡೆ, ಎಲ್ಲ ಹೇಳಿದೆ.

ಸೋಮನಿಂಗಪ್ಪ ನನ್ನ ಕಡೆ ನೋಡಲಿಲ್ಲ. ನವಾಜನ ಎರಡೂ ಕೈ ಹಿಡಿದು ಹಣೆಗೆ ಒತ್ತಿಕೊಂಡ. ಕ್ಯಾಸೆಟ್ಟು ಎತ್ತಿಕೊಂಡು ಹೋದ.

ನಾನು ನಿಂತೇ ಇದ್ದೆ. ಬೈಯಲಿ, ಕಪಾಳಕ್ಕೆ ಎರಡು ಬಾರಿಸಲಿ ಅಂತ ಕಾಯುತ್ತಿದ್ದೆ. ನವಾಜ ಖಾಲಿ ಕ್ಯಾಸೆಟ್ಟುಗಳನ್ನು ಮತ್ತೆ ಟ್ರಂಕಿನಲ್ಲಿ ಜೋಡಿಸುತ್ತ, ತಲೆ ಎತ್ತದೆ ಹೇಳಿದ:

“ಯಾರ ಹೇಳಿರಬೇಕು ಅಂತ ಭಾಳ ವಿಚಾರ ಮಾಡೀನಿ ಗುರುಸಿದ್ದಣ್ಣ. ಇಡೀ ಓಣಿ ಮ್ಯಾಲ ಸಂಶೆ ಬಂತು. ನನ್ನ ಇಸ್ಮತಗೂ ಕುರಾನ್ ಮುಟ್ಟಿಸಿ ಕೇಳೀನಿ. ನಿನ್ನ ಮ್ಯಾಲ ಮಾತ್ರ ಒಂದ ದಿನಾನೂ ಬರಲಿಲ್ಲ.”