ಸದ್ದಿಲ್ಲದೆ ತೆರೆದ ಮೂಲೆಯಂಗಡಿ

ಅಂಗಡಿಗಳ ಷಟರು ರಿಪೇರಿ ಮಾಡುವ ಅವನನ್ನು ಬಟ್ಟೆಬೀದಿಯವರೆಲ್ಲ ‘ಗ್ರೀಸಣ್ಣ’ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಗುರುತಿನ ಚೀಟಿಯಲ್ಲಷ್ಟೇ ಉಳಿದಿತ್ತು.

ಆ ಬೀದಿಗೊಂದು ಪದ್ಧತಿಯಿತ್ತು. ಮೂಲೆಯಲ್ಲಿದ್ದ ಗುಂಡಿ-ದಾರದ ಅಂಗಡಿ ಗ್ರೀಸಣ್ಣನ ಅಣ್ಣನದು. ಬೆಳಗ್ಗೆ ಒಂಬತ್ತಕ್ಕೆ ಅದರ ಷಟರು ಗಡಗಡನೆ ಮೇಲೇರಿದರೆ, ಹಿಂಬಾಗಿಲಿನಿಂದ ಬಂದು ಒಳಗೆ ಕಸ ಗುಡಿಸುತ್ತಿದ್ದ ಮಿಕ್ಕವರೂ ಒಬ್ಬರ ಹಿಂದೊಬ್ಬರು ತಮ್ಮದನ್ನು ಎತ್ತುತ್ತಿದ್ದರು. ಗಡಿಯಾರ ನೋಡುವ ಗೋಜಿರಲಿಲ್ಲ.

“ಒಂದಿಷ್ಟು ಎಣ್ಣೆ ಹಾಕ್ತೀನಣ್ಣ, ಈ ಸದ್ದಿಗೆ ಸತ್ತವರೂ ಎದ್ದು ಕೂತ್ಕೋತಾರೆ” ಎಂದು ತಮ್ಮ ಹಂಗಿಸಿದರೆ, “ಸುಮ್ನಿರೋ, ಈ ಸೋಮಾರಿಗಳನ್ನ ಎಬ್ಬಿಸೋರು ಯಾರು ಮತ್ತೆ?” ಎಂದು ಅಣ್ಣ ನಗುತ್ತಿದ್ದ.

ಒಂದು ಸಂಜೆ, ಬೀದಿಯಲ್ಲಿ ಯಾರೋ ಬಿಟ್ಟುಹೋದ ಚೀಲದೊಳಗಿನ ಬಾಂಬು ಸಿಡಿಯಿತು. ಹನ್ನೊಂದು ಜನ ಹೋದರು. ಅವರಲ್ಲಿ ಅಣ್ಣನೂ ಒಬ್ಬ.

ತಿಂಗಳಾಯಿತು. ಪೊಲೀಸರು ಬೀದಿಗೆ ಅಡ್ಡ ಕಟ್ಟಿದ್ದ ಹಗ್ಗ ಬಿಚ್ಚಿದರು, ಒಡೆದ ಗಾಜನ್ನೆಲ್ಲ ಸಾಗಿಸಿದ್ದಾಯಿತು. ಅಂಗಡಿಯವರು ಹಿಂಬಾಗಿಲಿನಿಂದ ಬಂದು ಒಳಗೆ ಕೂರುತ್ತಿದ್ದರು. ಷಟರು ಮಾತ್ರ ಯಾರೂ ಎತ್ತಲಿಲ್ಲ. ಮೂಲೆಯಂಗಡಿ ತೆರೆಯದೆ ತಾವು ತೆರೆಯುವುದೆಂತು? ಹೆದರಿಕೆಯೂ ಇತ್ತು, ಮರ್ಯಾದೆಯೂ ಇತ್ತು. ಯಾವುದೆಷ್ಟೆಂದು ಅವರಿಗೇ ತಿಳಿಯದು. ಹೊಲಿಯುವವರು, ಮೂಟೆ ಹೊರುವವರು ಹೊಟ್ಟೆಗೆ ತಣ್ಣೀರು ಬಟ್ಟೆ ಹಾಕಿಕೊಂಡರು. ಇನ್ನೊಂದು ವಾರ ಹೀಗೇ ಇದ್ದರೆ ಊರಾಚೆಯ ಹೊಸ ಪೇಟೆಗೆ ಹೋಗುತ್ತೇವೆಂದು ಬೀದಿಗೆ ಮಾಲು ಹಾಕುವ ಸಗಟು ವ್ಯಾಪಾರಿಗಳು ಹೇಳಿ ಕಳುಹಿಸಿದರು. ಅವರು ಹೋದರೆ ಬೀದಿಯ ಕಥೆ ಮುಗಿದಂತೆಯೇ.

ಗ್ರೀಸಣ್ಣ ಅತ್ತಿಗೆಯ ಮುಂದೆ ಕುಳಿತು, ನೆಲ ನೋಡುತ್ತ ಹೇಳಿದ. “ಅತ್ತಿಗೆ, ನೀವು ತೆಗೀದೆ ಯಾರೂ ತೆಗೆಯಲ್ಲ.”

“ನಂಗೆ ಗುಂಡಿ ರೇಟೂ ಗೊತ್ತಿಲ್ವಲ್ಲೋ.”

“ಅಣ್ಣಂಗೇನು ಗೊತ್ತಿತ್ತು? ಗಿರಾಕಿ ಹೇಳಿದ್ದೇ ರೇಟು.”

ತಿಂಗಳಲ್ಲಿ ಮೊದಲ ಸಲ ಆಕೆಯ ತುಟಿಯಂಚು ಅಲುಗಿತು. “ನಾಳೆ ಬರ್ತೀನಿ. ಎತ್ತೋದು ಮಾತ್ರ ನಾನೇ.”

ಅಂದೇ ಅವನು ಮೂಲೆಯಂಗಡಿ ಷಟರಿನ ಬಾಗಿದ ತಗಡನ್ನು ನೇರ ಮಾಡಿದ, ಸ್ಪ್ರಿಂಗು ಬದಲಿಸಿದ. ಅತ್ತಿಗೆ ಇನ್ನೂ ಪಾತ್ರೆ ಬಿದ್ದರೂ ನಡುಗುತ್ತಿದ್ದಳು. ಆ ಕನಿಕರದಿಂದ, ಷಟರು ಜಾರುವ ಎರಡೂ ಬದಿಯ ಕಂಬಿಗೆ ಕೈತುಂಬ ಗ್ರೀಸು ಬಳಿದ.

ಮರುದಿನ ಒಂಬತ್ತಕ್ಕೆ ಅತ್ತಿಗೆ ಎರಡೂ ಕೈಯಿಂದ ಷಟರು ಎತ್ತಿದಳು. ಬೆಣ್ಣೆಯಿಂದ ಕೂದಲು ತೆಗೆದಂತೆ ಅದು ಮೇಲೇರಿತು. ಇಬ್ಬರೂ ಕಾದರು. ಹತ್ತು ನಿಮಿಷ ಕಳೆದರೂ ಬೀದಿ ಮಿಸುಕಲಿಲ್ಲ.

ಗ್ರೀಸಣ್ಣ ಹಣೆ ಚಚ್ಚಿಕೊಂಡ. “ಅಯ್ಯೋ ಅತ್ತಿಗೆ! ಸದ್ದೇ ಆಗದ ಹಾಗೆ ಮಾಡಿಬಿಟ್ಟೆ, ಯಾರಿಗೂ ಕೇಳಿಸಿಲ್ಲ. ತಡೀರಿ, ಗ್ರೀಸು ಒರೆಸಿಹಾಕ್ತೀನಿ.”

“ಬಿಡು. ನಂಗೇನು ಬಾಯಿಲ್ವಾ?”

ಆಕೆ ಪಕ್ಕದ ಲೇಸಿನ ಅಂಗಡಿಯ ಷಟರಿನ ಮೇಲೆ ಅಂಗೈಯಿಟ್ಟು ಕರೆದಳು. “ಲೇಸ್ ಮಾಮ! ನಾನು, ಮೂಲೆ ಅಂಗಡಿಯವಳು. ತೆಗೆದಾಯ್ತು, ನೀವೂ ತೆಗೀರಿ.”

ಒಳಗೆ ಕೆಮ್ಮು ಕೇಳಿಸಿತು. “ನೀನೇ ತೆಗೆದ್ಯಾ ಮಗಳೇ?”

“ಬಂದು ನೋಡಿ ಬೇಕಾದ್ರೆ.”

ಷಟರು ಮೊಳಕಾಲೆತ್ತರಕ್ಕೆ ಎದ್ದಿತು. ಮುದುಕ ಬಗ್ಗಿ ಮೂಲೆಯತ್ತ ನೋಡಿದ. ಕಣ್ಣೊರೆಸಿಕೊಂಡು ಪೂರ್ತಿ ಎತ್ತಿದ.

ಬೀದಿಯ ನಲವತ್ತು ಬಾಗಿಲಿಗೂ ಆಕೆ ಹೋದಳು. ಅಂದು ಹದಿನಾರು ತೆರೆದವು, ಮರುದಿನಕ್ಕೆ ಒಟ್ಟು ಇಪ್ಪತ್ತೇಳಾದವು. ಶುಕ್ರವಾರ ಸಗಟು ವ್ಯಾಪಾರಿಗಳ ಲಾರಿ ಬಂದು ಮೂಟೆ ಇಳಿಸಿತು. ಮೂರು ಅಂಗಡಿಗಳು ಇಂದಿಗೂ ಮುಚ್ಚಿವೆ; ತೆರೆಯಬೇಕಾದವರೇ ಇಲ್ಲ.

ಆಮೇಲೆ ಗ್ರೀಸಣ್ಣ ಕಂಬಿ ಒರೆಸಲು ಎರಡು ಸಲ ಬಟ್ಟೆ ಹಿಡಿದು ಹೋದ. ಎರಡು ಸಲವೂ ಅತ್ತಿಗೆ ಬಿಡಲಿಲ್ಲ. ಈಗಲೂ ದಿನಾ ಬೆಳಗ್ಗೆ ಬೀದಿಯುದ್ದಕ್ಕೂ ಕರೆಯುತ್ತ ನಡೆದು, ಒಬ್ಬೊಬ್ಬರ ದನಿಯೂ ಕಿವಿಗೆ ಬಿದ್ದ ಮೇಲೆಯೇ ಆಕೆ ಬಂದು ಗಲ್ಲಾದ ಹಿಂದೆ ಕೂರುವುದು.