ರೇಷ್ಮಾಳ ಪ್ರೋಗ್ರಾಮಿನಲ್ಲಿ ಇಲ್ಲದ ದೋಷ

ರೇಷ್ಮಾ, ನಿನ್ನ ಲೆಕ್ಕ ಸರಿಯಿತ್ತು. ತಪ್ಪು ನನ್ನದು — ಅದು ನನಗೆ ಆವಾಗಲೇ ಗೊತ್ತಿತ್ತು.

ನನ್ನ ಕೈಕೆಳಗೆ ಪಿಎಚ್.ಡಿ. ಮಾಡಲು ನೀನು ಟಿಕೋಟಾದಿಂದ ಬಸ್ಸು ಹಿಡಿದು ವಿಜಯಪುರಕ್ಕೆ ಬರುತ್ತಿದ್ದೆ. ನಮ್ಮ ವಿಷಯ — ಲೇಸರ್ ಬೆಳಕಿನ ಜಾಲರಿಯಲ್ಲಿ, ಟ್ರೇಯಲ್ಲಿ ತತ್ತಿ ಇಟ್ಟಂತೆ, ಗುಳಿಗೊಂದು ಅಣು. ಊಹೆಗೆ ಮೀರಿದ ಥಂಡಿ. ಅಲ್ಲಿ ಶಕ್ತಿ ಎರಡು ಪಟ್ಟಿಗಳಾಗಿ ಒಡೆಯುತ್ತದೆ, ನಡುವೆ ಖಾಲಿ ಅಂತರ. ಆ ಅಂತರ ಇರುವತನಕ ಜಾಲರಿಯ ಅಂಚಿನಗುಂಟ ಶಕ್ತಿ ಹರಿಯಲು ಒಂದು ದಾರಿ ತೆರೆದಿರುತ್ತದೆ, ಸಣ್ಣಪುಟ್ಟ ಅಡ್ಡಿಗೆ ಜಗ್ಗುವುದಿಲ್ಲ ಎಂದು ನಾನು ಲೇಖನ ಪ್ರಕಟಿಸಿದ್ದೆ. ಅದರ ಮೇಲೇ ನನ್ನ ಬಡ್ತಿ ನಿಂತಿತ್ತು.

ಲೆಕ್ಕ ಸಲೀಸಾಗಲೆಂದು ಪಕ್ಕದ ಅಣುಗಳ ಸೆಳೆತವನ್ನಷ್ಟೇ ಹಿಡಿದಿದ್ದೆ. ಆದರೆ ಒಂದು ತುದಿ ಧನ, ಇನ್ನೊಂದು ಋಣ ಇರುವ ಅಣುಗಳವು. ದೂರದಿಂದಲೂ ಒಂದನ್ನೊಂದು ಜಗ್ಗುತ್ತವೆ. ನೀನು ನಿನ್ನ ಕಂಪ್ಯೂಟರ್ ಪ್ರೋಗ್ರಾಮಿನಲ್ಲಿ ಅದನ್ನೂ ಸೇರಿಸಿದೆ.

“ಸರ್, ದೂರದ್ದು ಹಿಡದ್ರ ಅಂತರ ಮುಚ್ಚಾಕತ್ತೈತ್ರಿ. ಅಂಚಿನ ದಾರೀನ ಉಳಿಯಾಂಗಿಲ್ರಿ.”

ಬಾಗಿಲು ಹಾಕಿಕೊಂಡು ನಾನೂ ಮಾಡಿ ನೋಡಿದೆ. ಅಂತರ ಮುಚ್ಚಿತು. ಮರುದಿನ, ಯಪ್ಪಾ, ಎಷ್ಟು ಆರಾಮಾಗಿ ಹೇಳಿಬಿಟ್ಟೆ: “ನಿನ್ನ ಪ್ರೋಗ್ರಾಮಿನಾಗ ದೋಷ ಐತಿ ತಂಗಿ. ಹುಡುಕು.”

ಇಲ್ಲದ್ದನ್ನು ನೀನು ವರ್ಷಗಟ್ಟಲೆ ಹುಡುಕಿದೆ. ಕಣ್ಣ ಕೆಳಗೆ ಕಪ್ಪಾಯಿತು, ಮಾತು ಕಡಿಮೆಯಾಯಿತು. ನಾನು ನೋಡುತ್ತಲೇ ಇದ್ದೆ — ಒಂದು ಮಾತು ಹೇಳಿದ್ದರೆ... ಕಡೆಗೆ “ನನ್ನ ತಲಿಗೆ ಇದು ಹತ್ತಂಗಿಲ್ರಿ” ಅಂತ ನೀನು ಬಿಟ್ಟು ಹೋದೆ. ನಾನು ತಡೆಯಲಿಲ್ಲ. ಉಸ್ಸಪ್ಪಾ ಅನ್ನಿಸಿತು ನನಗೆ. ಅಂಥ ಮನುಷ್ಯ ನಾನು.

ಮೊನ್ನೆ ಗಾಂಧಿ ಚೌಕದಲ್ಲಿ ನೀನು ಸಿಕ್ಕೆ. ಬಬಲೇಶ್ವರದ ಸಾಲಿಯಲ್ಲಿ ವಿಜ್ಞಾನ ಕಲಿಸುತ್ತೀಯಂತೆ. ಆಟೋಗಳ ಗದ್ದಲದಲ್ಲಿ ನಿಂತು ನಗುತ್ತ ಹೇಳಿದೆ: “ಅವತ್ತ ನೀವು ನನ್ನ ದೋಷ ಮುಚ್ಚುಮರಿ ಇಲ್ದ ಹೇಳಿದ್ದು ಛಲೋ ಆತ್ರಿ ಸರ್. ನಮ್ಮ ಸರ್ ಸುಳ್ಳು ಹೇಳಾಂಗಿಲ್ಲ ಅಂತ ಮಕ್ಕಳ ಮುಂದ ನಿಮ್ಮ ಹೆಸರ ಹೇಳ್ತೇನ್ರಿ.”

ಕಬ್ಬಿನ ಹಾಲು ಕುಡಿಸಿ, ನಿನ್ನನ್ನು ಬಸ್ಸು ಹತ್ತಿಸಿ ಬಂದೆ — ಆಗಲೂ ನಿಜ ಹೇಳಲಿಲ್ಲ.

ಲೇಖನ ಹಿಂಪಡೆಯುತ್ತೇನೆಂದು ಅದನ್ನು ಪ್ರಕಟಿಸಿದ ಪತ್ರಿಕೆಗೆ ಬರೆದಿದ್ದೇನೆ, ತಪ್ಪು ಮೊದಲು ಕಂಡವಳು ನೀನೆಂದೂ. ಅದರಿಂದ ನಿನ್ನ ವರ್ಷಗಳು ತಿರುಗಿ ಬರುವುದಿಲ್ಲ, ಗೊತ್ತು. ಕ್ಷಮಿಸು ಅನ್ನಲು ನಾಲಿಗೆ ಏಳುತ್ತಿಲ್ಲ. ಸೋಮವಾರ ಬಬಲೇಶ್ವರದ ನಿನ್ನ ಸಾಲಿಗೆ ಬರುತ್ತೇನೆ. ಒಳಗೆ ಬಿಡುವುದು, ಹೊರಗೆ ನಿಲ್ಲಿಸುವುದು ನಿನಗೆ ಬಿಟ್ಟದ್ದು. ಬಿಟ್ಟರೆ, ನಿನ್ನ ಮಕ್ಕಳ ಮುಂದೆ ನಿಂತು ಹೇಳುತ್ತೇನೆ: ನಿಮ್ಮ ಟೀಚರ್ ಲೆಕ್ಕ ಸರಿಯಿತ್ತು, ಸುಳ್ಳು ಹೇಳಿದವನು ನಾನು.