ಡ್ರೈವಿಂಗ್ ಸ್ಕೂಲಿನ ಪೇಜಿಗೆ ನಾನು ಕೊಟ್ಟ ದನಿ

ಮೊದಲೇ ಹೇಳಿಬಿಡುತ್ತೇನೆ: ಸತ್ತವರ ದನಿಯಲ್ಲಿ ಡ್ರೈವಿಂಗ್ ಸ್ಕೂಲಿಗೆ ಪ್ರಚಾರ ಮಾಡಿದ ಪೆದ್ದ ನಾನೇ. ಶುರು ಮಾಡಿದಾಗ ಅವರು ಬದುಕಿದ್ದರು. ನನ್ನ ಪರವಾಗಿ ಹೇಳಬಹುದಾದದ್ದು ಅಷ್ಟೇ.

ಹಲಸೂರಿನ ಆ ಸ್ಕೂಲಿನಲ್ಲಿ ನಾನು ಟೆಸ್ಟಿನಲ್ಲಿ ಎರಡು ಸಲ ಫೇಲಾದ ಶಿಷ್ಯ. ಕಾರು ಕೈಗೆ ಹತ್ತಲಿಲ್ಲ, ಸ್ಕೂಲು ನಡೆಸುತ್ತಿದ್ದ ಮೇಷ್ಟ್ರ ಬೈಗುಳ ಮಾತ್ರ ಅವರದೇ ದನಿಯಲ್ಲಿ ಬಾಯಿಗೆ ಹತ್ತಿತು. ಮಾರತ್ತಹಳ್ಳಿ ಕಡೆಯ ಸ್ಕೂಲುಗಳಿಗೆಲ್ಲ ಫೋನಿನಲ್ಲಿ ಪೇಜಿದೆ, ರೀಲ್ಸ್ ಇದೆ, ನಮಗೂ ಬೇಕು ಎಂದು ಮೇಷ್ಟ್ರ ಮಗಳು ಹಠ ಹಿಡಿದರು.

"ಕಾರ್ ಮೇಲೆ ಬೋರ್ಡ್ ಇದೆ. ಊರೆಲ್ಲ ಅದರ ಹಿಂದೆ ನಿಂತು ಹಾರ್ನ್ ಹೊಡೀತದೆ. ಇನ್ನೇನಮ್ಮ ಪಬ್ಲಿಸಿಟಿ?" ಎಂದರು ಮೇಷ್ಟ್ರು.

ಕ್ಯಾಮೆರಾ ಕಂಡರೆ ಅವರಿಗೆ ಮಾತೇ ಹೊರಡುತ್ತಿರಲಿಲ್ಲ. ಹಾಗಾಗಿ ಸ್ಟೀರಿಂಗ್ ಮೇಲಿನ ಅವರ ಕೈಗಳನ್ನಷ್ಟೇ ತೋರಿಸಿ, ಅವರಂತೆಯೇ ಗದರುವ ದನಿ ನಾನು ಕೊಟ್ಟೆ. ಕೇಳಿ ನಕ್ಕರು. "ಮಗಾ, ಕಾರ್ ಓಡಿಸೋಕೆ ಬರಲ್ಲ, ನನ್ನನ್ನ ಮಾತ್ರ ಚೆನ್ನಾಗಿ ಓಡಿಸ್ತೀಯ!"

ತಿಂಗಳಿಗಾಗುವಷ್ಟು ರೆಕಾರ್ಡ್ ಮಾಡಿ, ದಿನಾ ಬೆಳಿಗ್ಗೆ ಒಂದೊಂದು ತಾನಾಗಿಯೇ ಪೇಜಿಗೆ ಬರುವಂತೆ ಇಟ್ಟೆ. ಆ ತಿಂಗಳು ಮುಗಿಯುವ ಮೊದಲೇ ಮೇಷ್ಟ್ರಿಗೆ ಹೃದಯಾಘಾತವಾಯಿತು. ಮಣ್ಣು ಮಾಡಿ ಬಂದ ಮರುದಿನ, ಮನೆ ತುಂಬ ನೆಂಟರು ಕೂತಿದ್ದಾಗ ಯಾರದೋ ಫೋನು ಗದರಿತು: "ಏಯ್, ಕನ್ನಡಿ ನೋಡು! ಹಿಂದೆ ಯಾರಿದ್ದಾರೆ?"

ಎಲ್ಲರೂ ಹಿಂತಿರುಗಿ ನೋಡಿದರು. ನನ್ನದೇ ದನಿ ಎಂದು ಗೊತ್ತಿದ್ದೂ ನಾನೂ ನೋಡಿದೆ.

ಆವತ್ತೇ ಅಳಿಸಬೇಕಿತ್ತು. ಮಗಳು ತಡೆದರು. ಈಗ ಸ್ಕೂಲು ಅವರೊಬ್ಬರ ಮೇಲೆಯೇ ನಿಂತಿತ್ತು. "ಇರ್ಲಿ ಕಣೋ. ಫೋನ್ ಮಾಡೋರೆಲ್ಲ 'ಆ ಬೈಯೋ ಸರ್ ಸ್ಕೂಲ್ ತಾನೇ?' ಅಂತಾರೆ. ನನ್ನ ನಂಬಿ ಯಾರು ಬರ್ತಾರೆ? ಸ್ವಲ್ಪ ದಿನ ಮಾಡು."

ಮಾಡಿದೆ. ಆಮೇಲೆ ಆ ದನಿ ಕರೆಯದೆಯೂ ಬರತೊಡಗಿತು. ಅಂಗಡಿಯಲ್ಲಿ ಟೀ ಕೇಳಿದರೆ ಮೇಷ್ಟ್ರೇ ಕೇಳುತ್ತಿದ್ದರು. ದೊಮ್ಮಲೂರು ಫ್ಲೈಓವರ್ ಮೇಲೆ ಗೆಳೆಯನ ಬೈಕಿನ ಹಿಂದೆ ಕೂತಿದ್ದಾಗ "ಬ್ರೇಕ್, ಬ್ರೇಕ್!" ಎಂದದ್ದು ನಾನಲ್ಲ. ಗೆಳೆಯ ಗಾಡಿ ನಿಲ್ಲಿಸಿಯೇಬಿಟ್ಟ. "ಗುರು, ಹಂಗೆ ಕರೀಬೇಡ. ಬಂದ್ಬಿಡ್ತಾರೆ."

ಒಂದು ಸಂಜೆ ಮೇಷ್ಟ್ರ ಮನೆಯಲ್ಲೇ ಕೂತು ಹೊಸ ರೀಲಿಗೆ ದನಿ ಕೊಡುತ್ತಿದ್ದೆ. ಮಗಳು ಫೋನು ಹಿಡಿದಿದ್ದರು. ಅಡುಗೆಮನೆಯಿಂದ ಮೇಷ್ಟ್ರ ಹೆಂಡತಿ ಕಾಫಿ ತಂದರು, ಮೂರು ಲೋಟ. ಅವರು ಸ್ವತಃ ಕಾಫಿ ಕುಡಿಯುವವರಲ್ಲ. ಮೂರನೆಯದು ಸಕ್ಕರೆ ಇಲ್ಲದ್ದು, ಮೇಷ್ಟ್ರದ್ದು. ಟೇಬಲ್ಲಿಗೆ ಇಟ್ಟ ಮೇಲೆ ಅವರಿಗೇ ಗೊತ್ತಾಯಿತು. ಕೈ ಲೋಟದ ಮೇಲೆಯೇ ಉಳಿಯಿತು.

ನಾನು ತೊದಲಿದೆ. "ಪೇಜಿಗೋಸ್ಕರ ಅಷ್ಟೇ ಆಂಟಿ. ಜನ ಅವರನ್ನ ಮರೀಬಾರ್ದು ಅಂತ..."

"ಅವರು ಒಂದ್ಸಲ ಹೋದ್ರು, ಹೆಂಗೋ ತಡ್ಕೊಂಡೆ. ನೀನು ದಿನಾ ಕರ್ಕೊಂಡ್ ಬಂದು ದಿನಾ ಕಳಿಸ್ತೀಯಲ್ಲೋ! ಸ್ಕೂಲ್ ಈಗ ಇವಳದು. ಇವಳಿಗೂ ಬಾಯಿದೆ, ಇವಳ ಕೈಲೇ ಬೈಸು."